ಸಕ್ಕರೆ ಕಾಯಿಲೆಯಿಲ್ಲದ ನಾದಿನಿಗೆ ಸಕ್ಕರೆ ಇಳಿಯುವುದೇಕೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ಕೃಷಿಯ ಮನೆ. ನನ್ನ ಗಂಡನ ತಂಗಿಗೆ ಈಗ 33 ವರ್ಷ. ಮಂಗಳೂರಿನ ಲ್ಯಾಬೊಂದರಲ್ಲಿ ಟೆಕ್ನಿಶಿಯನ್ ಆಗಿದ್ದಳು. ಮದುವೆ ಮುರಿದು ತವರಿಗೆ ಬಂದು ಮೂರು ವರ್ಷವಾಯಿತು, ಕೆಲಸವನ್ನೂ ಬಿಟ್ಟಿದ್ದಾಳೆ. ಎರಡು ವರ್ಷಗಳಿಂದ ಅವಳಿಗೆ ಇದ್ದಕ್ಕಿದ್ದಂತೆ ಮೈ ಬೆವರಿ, ಮಾತು ತೊದಲಿ, ಪ್ರಜ್ಞೆ ತಪ್ಪುತ್ತದೆ. ಪರೀಕ್ಷಿಸಿದರೆ ಸಕ್ಕರೆ 30, 35ಕ್ಕೆ ಇಳಿದಿರುತ್ತದೆ. ಅವಳಿಗೆ ಸಕ್ಕರೆ ಕಾಯಿಲೆಯಿಲ್ಲ. ಇರುವುದು ನನ್ನ ಅತ್ತೆಗೆ. ಅವರಿಗೆ ಬೆಳಗ್ಗೆ 20, ರಾತ್ರಿ 10 ಯೂನಿಟ್ ಇನ್ಸುಲಿನ್ ಚುಚ್ಚುವವಳು ಇವಳೇ. ಬಾಟ್ಲಿ ಬೇಗ ಮುಗಿಯುತ್ತದೆಂದು ಅತ್ತೆ ಒಮ್ಮೆ ಗೊಣಗಿದ್ದರು. ಕಾಸರಗೋಡು, ಪುತ್ತೂರು, ಮಂಗಳೂರು ಎಂದು ಏಳು ಸಲ ಆಸ್ಪತ್ರೆಗೆ ಸೇರಿಸಿದ್ದೇವೆ. ಮೇದೋಜೀರಕದಲ್ಲಿ ಗಡ್ಡೆಯಿದೆಯೇ ಎಂದು ಎರಡು ಸಲ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇರಿಸಿ ಪರಿಹಾರವನ್ನೂ ಮಾಡಿಸಿದೆವು. ಕಳೆದ ಸಲ ಡಾಕ್ಟರರೊಬ್ಬರು ನನ್ನ ಗಂಡನನ್ನು ಕಾರಿಡಾರಿಗೆ ಕರೆದು, "ಇದು ನಿಮ್ಮ ತಂಗಿ ತಾನೇ ಮಾಡಿಕೊಳ್ಳುವುದು, ನಮ್ಮ ಸಮಯ ಹಾಳು ಮಾಡಬೇಡಿ" ಎಂದು ಡಿಸ್ಚಾರ್ಜ್ ಮಾಡಿದರು. ಅಂದಿನಿಂದ ಇವರು ತಂಗಿಯೊಡನೆ ಮಾತು ಬಿಟ್ಟಿದ್ದಾರೆ. ಅತ್ತೆ ನಂಬುವುದೇ ಇಲ್ಲ. ಒಮ್ಮೆ ಬಚ್ಚಲಿನ ಸೌದೆಯ ನಡುವೆ ನನಗೊಂದು ಸಿರಿಂಜ್ ಸಿಕ್ಕಿತ್ತು, ಯಾರಿಗೂ ಹೇಳಿಲ್ಲ. ಯಾರಾದರೂ ಬೇಕೆಂದೇ ಹೀಗೆ ಮಾಡಿಕೊಳ್ಳುವುದುಂಟೇ? ಇದು ಹುಚ್ಚೇ, ನಾಟಕವೇ? ಎದುರು ಕೂರಿಸಿ ಕೇಳಿಬಿಡಬೇಕೇ? ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ವರ್ಷಗಟ್ಟಲೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಂಡವಳು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ಸಕ್ಕರೆ ಇಳಿಯುವುದಕ್ಕೆ ನಿಮ್ಮ ನಾದಿನಿಯೇ ಕಾರಣವೇ ಎಂಬುದು ಮೊದಲನೆಯದು. ಹೌದಾದರೆ ಅವರನ್ನು ರೋಗಿಯೆಂದು ಕಾಣಬೇಕೇ, ಮೋಸಗಾರ್ತಿಯೆಂದು ಕಾಣಬೇಕೇ ಎಂಬುದು ಎರಡನೆಯದು. ಕಾರಿಡಾರಿನಲ್ಲಿ ಮಾತನಾಡಿದ ವೈದ್ಯರು ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದುಕೊಂಡು ಎರಡನೆಯದನ್ನೂ ಅಲ್ಲೇ ತೀರ್ಮಾನಿಸಿಬಿಟ್ಟಂತಿದೆ. ಅವರ ಅನುಮಾನ ಸರಿಯೇ ಇರಬಹುದು. ಆದರೆ 30ಕ್ಕೆ ಇಳಿದ ಸಕ್ಕರೆಯನ್ನು ಯಾರು ಇಳಿಸಿದರೂ ಮಿದುಳಿಗೆ ಆಗುವ ಹಾನಿ ಒಂದೇ. ಹೆಚ್ಚು ಹೊತ್ತು ಹಾಗೆಯೇ ಉಳಿದರೆ ಶಾಶ್ವತವಾದ ಮರೆವು ಬರಬಹುದು, ಪ್ರಾಣವೇ ಹೋಗಬಹುದು. ಆದುದರಿಂದ ನಾಟಕವೆಂಬ ಪದ ಇಲ್ಲಿ ಒಪ್ಪುವುದಿಲ್ಲ. ನಮ್ಮ ಯಕ್ಷಗಾನದಲ್ಲಿ ರಂಗದ ಮೇಲೆ ಸತ್ತ ಕೀಚಕ ಚೌಕಿಗೆ ಹೋಗಿ ಚಹಾ ಕುಡಿಯುತ್ತಾನೆ. ಇನ್ಸುಲಿನ್ ಚುಚ್ಚಿಕೊಂಡವರು ಹಾಗೆ ಎದ್ದುಬರುತ್ತಾರೆಂಬ ಖಾತರಿಯಿಲ್ಲ.

ಬೇಕೆಂದೇ ಹೀಗೆ ಮಾಡಿಕೊಳ್ಳುವವರು ಇದ್ದಾರೆ. 1951ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಇಂತಹ ರೋಗಿಗಳ ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು, ಸುಳ್ಳು ಸಾಹಸಗಳ ಕಥೆಗಳಿಂದ ಹೆಸರಾಗಿದ್ದ ಜರ್ಮನಿಯ ಬ್ಯಾರನ್ ಮುಂಚೌಸೆನ್‌ನ ಹೆಸರನ್ನು ಆ ಸ್ಥಿತಿಗೆ ಇಟ್ಟರು. ಹೆಸರು ಸೊಗಸಾಗಿದ್ದುದರಿಂದ ಬೇಗ ಹಬ್ಬಿತು, ಹಬ್ಬಿದಷ್ಟೇ ಕೆಡುಕನ್ನೂ ಮಾಡಿತು. ಊರೂರು ಅಲೆಯುವ, ಬಣ್ಣದ ಕಥೆ ಕಟ್ಟುವ, ಹೊಟ್ಟೆಯ ತುಂಬ ಆಪರೇಷನ್ನಿನ ಗುರುತು ಹೊತ್ತ ಗಂಡಸಿನ ಚಿತ್ರ ವೈದ್ಯ ವಿದ್ಯಾರ್ಥಿಗಳ ತಲೆಯಲ್ಲಿ ಕುಳಿತುಬಿಟ್ಟಿತು. ಅಂಥವರು ನಿಜಕ್ಕೂ ವಿರಳ. 2016ರಲ್ಲಿ ಪ್ರಕಟವಾದ 455 ಪ್ರಕರಣಗಳ ಪರಿಶೀಲನೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಹಿಳೆಯರಿದ್ದರು, ಸರಾಸರಿ ವಯಸ್ಸು 34ರ ಆಸುಪಾಸಿನಲ್ಲಿತ್ತು, ಮತ್ತು ಉದ್ಯೋಗ ದಾಖಲಾಗಿದ್ದವರಲ್ಲಿ ಆಸ್ಪತ್ರೆ, ಲ್ಯಾಬುಗಳಲ್ಲಿ ದುಡಿದವರೇ ಹೆಚ್ಚಿದ್ದರು. ಇದನ್ನು ಓದಿದೊಡನೆ ಎಲ್ಲವೂ ನಿಮ್ಮ ನಾದಿನಿಗೆ ಹೊಂದುತ್ತದೆ ಎಂದು ನಿಮಗೆ ಅನಿಸುತ್ತದೆಂದು ನಾನು ಬಲ್ಲೆ. ಆದರೆ ಕಳ್ಳರಲ್ಲಿ ಗಂಡಸರೇ ಹೆಚ್ಚು ಎಂದ ಮಾತ್ರಕ್ಕೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗಂಡಸು ಕಳ್ಳನಾಗುವುದಿಲ್ಲ.

ವೈದ್ಯಕೀಯ ವರ್ಗೀಕರಣದಲ್ಲಿ ಇಂದು ಇದಕ್ಕಿರುವ ಹೆಸರು ಫ್ಯಾಕ್ಟಿಷಿಯಸ್ ಡಿಸಾರ್ಡರ್. ಕನ್ನಡದಲ್ಲಿ ರೂಢಿಯಾದ ಪದವಿಲ್ಲದ ಕಾರಣ ಕೃತಕ ರೋಗವೆಂದು ಕರೆಯುತ್ತೇನೆ. ಇದರ ಅಕ್ಕಪಕ್ಕದಲ್ಲಿರುವ ಬೇರೆ ಎರಡು ಸಂಗತಿಗಳೊಡನೆ ಇದನ್ನು ಬೆರೆಸಿದಾಗಲೇ ಮನೆಗಳಲ್ಲಿ ಜಗಳ ಹುಟ್ಟುವುದು. ವಾಹನ ಅಪಘಾತದ ಪರಿಹಾರಕ್ಕಾಗಿ ಕತ್ತುನೋವನ್ನು ದೊಡ್ಡದು ಮಾಡುವುದು, ರಜೆಯ ಸರ್ಟಿಫಿಕೇಟಿಗಾಗಿ ಬೆನ್ನು ಹಿಡಿದುಕೊಂಡು ಬರುವುದು, ಇವು ಸೋಗು. ಲಾಭ ಕಣ್ಣಿಗೆ ಕಾಣುತ್ತದೆ, ಲಾಭ ಕೈಸೇರಿದ ಮೇಲೆ ನೋವು ಹೋಗುತ್ತದೆ. ಇದನ್ನು ಯಾರೂ ಮನೋರೋಗವೆಂದು ಪರಿಗಣಿಸುವುದಿಲ್ಲ. ಇನ್ನೊಂದು, ಹಿಂದೆ ಹಿಸ್ಟೀರಿಯಾ ಎಂದು ಕರೆಯುತ್ತಿದ್ದುದು. ಕಾಲು ಸೋಲುತ್ತದೆ, ಫಿಟ್ಸಿನಂತೆ ಮೈ ಅದುರುತ್ತದೆ, ಪರೀಕ್ಷೆಗಳಲ್ಲಿ ನರ, ಮಿದುಳು ಸರಿಯಾಗಿಯೇ ಇರುತ್ತವೆ, ಆದರೆ ರೋಗಿ ಅದನ್ನು ತಿಳಿದು ಮಾಡುತ್ತಿರುವುದಿಲ್ಲ. ಈ ರೋಗಿಗಳಿಗೆ ಸುಳ್ಳುಗಾರರೆಂಬ ಹಣೆಪಟ್ಟಿ ಹಚ್ಚಿರುವಷ್ಟು ಅನ್ಯಾಯವನ್ನು ನಮ್ಮ ವೃತ್ತಿ ಬೇರೆ ಯಾರಿಗೂ ಮಾಡಿರಲಿಕ್ಕಿಲ್ಲ. ಕೃತಕ ರೋಗ ಇವೆರಡರ ನಡುವೆ ನಿಲ್ಲುತ್ತದೆ. ಸೂಜಿಯನ್ನು ಚುಚ್ಚಿಕೊಳ್ಳುವುದು, ಥರ್ಮಾಮೀಟರನ್ನು ಬಿಸಿನೀರಿಗೆ ಅದ್ದುವುದು, ಮೂತ್ರದ ಸ್ಯಾಂಪಲಿಗೆ ಬೆರಳಿನ ರಕ್ತ ಬೆರೆಸುವುದು, ಇವೆಲ್ಲ ತಿಳಿದೇ ಮಾಡುವ ಕೆಲಸಗಳು. ಆದರೆ ಏಕೆ ಮಾಡುತ್ತಿದ್ದೇನೆಂಬುದು ಹಲವು ಬಾರಿ ಮಾಡುವವರಿಗೇ ಸ್ಪಷ್ಟವಿರುವುದಿಲ್ಲ, ಹಣವೋ ರಜೆಯೋ ಸಿಗುವುದೂ ಇಲ್ಲ.

ವೈದ್ಯರಿಗೆ ಇದು ಏಕೆ ಕಷ್ಟವೆಂದರೆ ನಮ್ಮ ಕಲಿಕೆಯೆಲ್ಲ ರೋಗಿಯ ಮಾತನ್ನು ನಂಬುವುದರಿಂದ ಮೊದಲಾಗುತ್ತದೆ. ನಂಬಿಕೆ ತಪ್ಪಾಯಿತೆಂದು ತಿಳಿದಾಗ ವೈದ್ಯನಿಗೆ ಅವಮಾನವಾಗುತ್ತದೆ, ಆ ಅವಮಾನವೇ ಸಿಟ್ಟಾಗಿ ಹೊರಬರುತ್ತದೆ. ನಿಮ್ಮ ಗಂಡನಿಗೆ ಕಾರಿಡಾರಿನಲ್ಲಿ ತಗುಲಿದ್ದು ಆ ಸಿಟ್ಟಿರಬೇಕು. ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ, ಅದನ್ನು ಸ್ವತಃ ಮಾಡಿದವನು ನಾನು. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನಮ್ಮ ವಾರ್ಡಿನಲ್ಲಿ ಒಬ್ಬ ಯುವಕನಿದ್ದ. ರಾತ್ರಿ ನಿದ್ದೆಯಿಂದ ಎದ್ದು ಸೈಕಲ್ ತುಳಿಯುವಂತೆ ಕಾಲಾಡಿಸಿ, ಕೂಗಿ, ಅರ್ಧ ನಿಮಿಷದೊಳಗೆ ಏನೂ ಆಗದವನಂತೆ ಮಾತನಾಡುತ್ತಿದ್ದ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಸರಿಯಾಗಿಯೇ ಇತ್ತು. ಕೇಸ್ ಶೀಟಿನಲ್ಲಿ 'ನಟನೆ' ಎಂದು ಬರೆದವನು ನಾನೇ. ವರ್ಷದ ಮೇಲೆ ಬೇರೊಂದು ಕಡೆ ವಿಡಿಯೋ ಸಹಿತ ಇಇಜಿ ಮಾಡಿದಾಗ ಅದು ಮಿದುಳಿನ ಮುಂಭಾಗದಿಂದ ಹೊರಡುವ ಅಪಸ್ಮಾರವೆಂದು ತಿಳಿಯಿತು. ಆ ಬಗೆಯ ಫಿಟ್ಸ್ ನೋಡಲು ನಟನೆಯಂತೆಯೇ ಇರುತ್ತದೆ. ಆ ಒಂದು ಪದದಿಂದಾಗಿ ಅವನಿಗೆ ಒಂದು ವರ್ಷ ಔಷಧ ಸಿಗಲಿಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಮಕಜೆಯ ಗುಡ್ಡಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದವರೆಗೂ ನಡೆಯಿತು. ಮನೆಮನೆಯ ಕಾಯಿಲೆಗಳನ್ನು ಹೊರಗಿನವರು ಕಿವಿಗೊಟ್ಟು ಕೇಳುವುದಕ್ಕೆ ವರ್ಷಗಳೇ ಹಿಡಿದವು, ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸುವಾಗ 2017 ಆಗಿತ್ತು. ಕಾರಣ ಸಿಗಲಿಲ್ಲವೆಂಬುದೇ ಸುಳ್ಳಿಗೆ ಸಾಕ್ಷಿಯಲ್ಲ. ಕೃತಕ ರೋಗವೆಂದು ಹೇಳುವುದಕ್ಕೂ ಮಧುಮೇಹವೆಂದು ಹೇಳುವುದಕ್ಕೆ ಬೇಕಾದಷ್ಟೇ ನೇರವಾದ ಪುರಾವೆ ಬೇಕು.

ಅದೃಷ್ಟವಶಾತ್ ಸಕ್ಕರೆಯ ವಿಷಯದಲ್ಲಿ ಅಂತಹ ಪುರಾವೆ ದೊರೆಯುತ್ತದೆ. ನಮ್ಮ ಮೇದೋಜೀರಕ ಇನ್ಸುಲಿನ್ನನ್ನು ನೇರವಾಗಿ ತಯಾರಿಸುವುದಿಲ್ಲ. ಮೊದಲು ಉದ್ದನೆಯ ಒಂದು ಪ್ರೋಟೀನನ್ನು ಮಾಡಿ ಅದನ್ನು ತುಂಡರಿಸುತ್ತದೆ. ಆಗ ಒಂದು ಕಡೆ ಇನ್ಸುಲಿನ್, ಇನ್ನೊಂದು ಕಡೆ ಅಷ್ಟೇ ಸಂಖ್ಯೆಯ ಸಿ-ಪೆಪ್ಟೈಡ್ ಎಂಬ ತುಣುಕು ರಕ್ತಕ್ಕೆ ಬರುತ್ತವೆ. ಬಾಟ್ಲಿಯ ಇನ್ಸುಲಿನ್ನಿನಲ್ಲಿ ಈ ತುಣುಕು ಇರುವುದಿಲ್ಲ. ಆದುದರಿಂದ ಸಕ್ಕರೆ 55ಕ್ಕಿಂತ ಕೆಳಗಿರುವಾಗ ತೆಗೆದ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿದ್ದು ಸಿ-ಪೆಪ್ಟೈಡ್ ತೀರ ಕಡಿಮೆಯಿದ್ದರೆ ಆ ಇನ್ಸುಲಿನ್ ಹೊರಗಿನಿಂದ ಬಂದದ್ದು. ಎರಡೂ ಹೆಚ್ಚಾಗಿದ್ದರೆ ಮೇದೋಜೀರಕವೇ ಅತಿಯಾಗಿ ಸ್ರವಿಸುತ್ತಿದೆ ಎಂದರ್ಥ. ಅದಕ್ಕೆ ಇನ್ಸುಲಿನೋಮಾ ಎಂಬ ಗಡ್ಡೆ ಕಾರಣವಿರಬಹುದು, ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಸಕ್ಕರೆಯ ಮಾತ್ರೆ ಹೊಟ್ಟೆಗೆ ಹೋಗಿರಬಹುದು. ಆ ಗಡ್ಡೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುವಂಥದು, ಬಲು ಸಣ್ಣದಿರುವುದರಿಂದ ಸ್ಕ್ಯಾನಿನ ಕಣ್ಣನ್ನು ತಪ್ಪಿಸುವುದೂ ಉಂಟು. ಮಾತ್ರೆಯನ್ನು ಯಾರೂ ಬೇಕೆಂದೇ ನುಂಗಿರಬೇಕೆಂದಿಲ್ಲ: ಅತ್ತೆಯ ಸ್ಟ್ರಿಪ್ಪಿನಿಂದ ಕೈತಪ್ಪಿ ತೆಗೆದಿರಬಹುದು, ಮೆಡಿಕಲ್ ಶಾಪಿನವರು ಬದಲಿ ಕೊಟ್ಟಿರಬಹುದು, ನಾಟಿ ಔಷಧವೆಂದು ತಂದ ಪುಡಿಯಲ್ಲಿ ಇಂತಹ ಮಾತ್ರೆ ಬೆರೆತಿರಬಹುದು. ಇವಲ್ಲದೆ ಅಡ್ರಿನಲ್ ಗ್ರಂಥಿಯ ಕೊರತೆಯಿಂದಲೂ, ದೇಹ ತನ್ನ ಇನ್ಸುಲಿನ್ನಿನ ವಿರುದ್ಧ ತಾನೇ ಪ್ರತಿಕಾಯಗಳನ್ನು ಮಾಡಿಕೊಳ್ಳುವ ಅಪರೂಪದ ಕಾಯಿಲೆಯಿಂದಲೂ ಸಕ್ಕರೆ ಇಳಿಯುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ತುರ್ತು ವಿಭಾಗಕ್ಕೆ ಬಂದೊಡನೆ ಗ್ಲೂಕೋಸ್ ಏರಿಸುತ್ತಾರೆ, ಏರಿಸಲೇಬೇಕು. ಆದರೆ ಸಕ್ಕರೆ ಮೇಲೆ ಬಂದ ನಂತರ ತೆಗೆದ ರಕ್ತದಿಂದ ಏನೂ ತಿಳಿಯುವುದಿಲ್ಲ. ಏಳು ಸಲ ಸೇರಿಸಿದರೂ ಆ ಒಂದು ಸ್ಯಾಂಪಲ್ ಸಿಕ್ಕಿಲ್ಲವೆಂದು ನಿಮ್ಮ ಪತ್ರದಿಂದ ನನಗೆ ತೋರುತ್ತದೆ. ಇನ್ನೊಂದು, ಕೆಲವು ಲ್ಯಾಬುಗಳ ವಿಧಾನ ಮಾನವ ಇನ್ಸುಲಿನ್ನನ್ನು ಮಾತ್ರ ಗುರುತಿಸುತ್ತದೆ, ಗ್ಲಾರ್ಜಿನ್, ಲಿಸ್‌ಪ್ರೋಗಳಂತಹ ಹೊಸ ಬಗೆಗಳು ಅದಕ್ಕೆ ಕಾಣುವುದಿಲ್ಲ. ಆಗ ವರದಿಯಲ್ಲಿ ಎಲ್ಲವೂ ಕಡಿಮೆಯೆಂದು ಬಂದು ವೈದ್ಯರ ದಾರಿ ತಪ್ಪುತ್ತದೆ. ಅತ್ತೆ ಬಳಸುವ ಇನ್ಸುಲಿನ್ ಯಾವುದೆಂದು ವೈದ್ಯರಿಗೆ ಮೊದಲೇ ತಿಳಿಸಿ. ವರದಿ ಏನೇ ಬಂದರೂ ಒಂದು ಮಿತಿಯನ್ನು ಮರೆಯಬಾರದು. ನೀವು ಪ್ರಶ್ನೆ ಇರಿಸಿದಾಗ ಹೊರಗಿನವರ ಕೈವಾಡವೆಂದು ಬಂದಿರಲೂಬಹುದು, ನಾನು ಅದನ್ನು ಕೇಳುವುದಿಲ್ಲ. ನಮ್ಮ ಸಿ-ಪೆಪ್ಟೈಡ್ ಕೂಡ ಇನ್ಸುಲಿನ್ ಹೊರಗಿನದೆಂದಷ್ಟೇ ಹೇಳುತ್ತದೆ, ಚುಚ್ಚಿದ ಕೈ ಯಾರದೆಂದು ಹೇಳುವುದಿಲ್ಲ. ಮನೆಯಲ್ಲಿ ಬೇರೊಬ್ಬರು ರೋಗ ಬರಿಸುವ ಪ್ರಕರಣಗಳೂ ಇವೆ. ತಾಯಂದಿರು ಮಕ್ಕಳಲ್ಲಿ ಹಾಗೆ ಮಾಡಿದ್ದನ್ನು 1977ರಲ್ಲಿ ಇಂಗ್ಲೆಂಡಿನ ರಾಯ್ ಮೆಡೋ ಬರೆದರು. ನಿಮ್ಮ ಮನೆಯಲ್ಲಿ ಹಾಗಿದೆಯೆಂದು ನಾನು ಹೇಳುತ್ತಿಲ್ಲ, ಆದರೆ ವೈದ್ಯರು ಆ ಪ್ರಶ್ನೆ ಕೇಳಿದರೆ ಬೇಸರಿಸಬೇಡಿ.

ಪರೀಕ್ಷೆಗಿಂತ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಮಿಲಿಲೀಟರಿನ ಬಾಟ್ಲಿಯಲ್ಲಿ ಮಿಲಿಲೀಟರಿಗೆ 40ರಂತೆ ಒಟ್ಟು 400 ಯೂನಿಟ್ ಇರುತ್ತದೆ. ಅತ್ತೆಗೆ ದಿನಕ್ಕೆ 30 ಯೂನಿಟ್ ಆದರೆ ಅದು 13 ದಿನ ಬರಬೇಕು. ಸಿರಿಂಜಿನಲ್ಲಿ ಉಳಿದು, ಚೆಲ್ಲಿ ಒಂದು ದಿನ ಹಿಂದುಮುಂದಾದೀತು. ಸಲಸಲವೂ 9, 10 ದಿನಕ್ಕೆ ಮುಗಿದರೆ 100 ಯೂನಿಟ್ ಎಲ್ಲಿಗೋ ಹೋಗಿದೆ. ಪೆನ್ ಬಳಸುವುದಾದರೆ ಲೆಕ್ಕ ಬೇರೆ: ಒಂದು ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇರುತ್ತದೆ, ಪ್ರತಿ ಸಲ ಗಾಳಿ ತೆಗೆಯಲು ಎರಡು ಯೂನಿಟ್ ಹೋಗುತ್ತದೆ. ಬಾಟ್ಲಿ ತೆರೆದ ದಿನ, ಮುಗಿದ ದಿನ, ನಾದಿನಿ ಪ್ರಜ್ಞೆ ತಪ್ಪಿದ ದಿನ, ಈ ಮೂರನ್ನು ಪುಸ್ತಕದಲ್ಲಿ ಬರೆದಿಡಿ. ಸಿರಿಂಜ್ ಸಿಕ್ಕಿದ ದಿನ ನೆನಪಿದ್ದರೆ ಅದನ್ನೂ ಬರೆಯಿರಿ, ಆದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಇನ್ಸುಲಿನ್ ಬಳಸುವ ಮನೆಯಲ್ಲಿ ಸಿರಿಂಜ್ ಎಲ್ಲೆಂದರಲ್ಲಿ ಸಿಗುತ್ತದೆ.

ಇನ್ನು, ಏಕೆ? ಒಬ್ಬೊಬ್ಬರದು ಒಂದೊಂದು ಕಥೆ. ಆಶರ್ ಬರೆದ ವರ್ಷವೇ ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್, ರೋಗಿ ಎನ್ನುವುದು ಸಮಾಜ ಕೊಡುವ ಒಂದು ಸ್ಥಾನವೆಂದು ವಿವರಿಸಿದ್ದರು: ಕಾಯಿಲೆಯಾದವನಿಗೆ ಕೆಲಸದಿಂದ ವಿನಾಯಿತಿ, ತಪ್ಪು ಅವನದಲ್ಲವೆಂಬ ಒಪ್ಪಿಗೆ, ಇತರರ ಆರೈಕೆ, ಇವು ಸಿಗುತ್ತವೆ. ಮದುವೆ ಮುರಿದು ತವರಿಗೆ ಮರಳಿದ, ಸಂಪಾದನೆಯೂ ಇಲ್ಲದ ಹೆಣ್ಣಿಗೆ ನಮ್ಮ ಮನೆಗಳಲ್ಲಿ ಯಾವ ಸ್ಥಾನವಿದೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಮಾರಂಭಗಳಲ್ಲಿ ಅವರನ್ನು ಎಲ್ಲಿ ಕೂರಿಸಬೇಕೆಂದೇ ಯಾರಿಗೂ ತಿಳಿಯುವುದಿಲ್ಲ. ಆದರೆ ಅವರು ಪ್ರಜ್ಞೆ ತಪ್ಪಿ ಬಿದ್ದ ರಾತ್ರಿ ಅಣ್ಣ ಕಾರು ತೆಗೆಯುತ್ತಾನೆ, ಅಮ್ಮ ತಲೆ ನೇವರಿಸುತ್ತಾರೆ, ಐವತ್ತು ಕಿಲೋಮೀಟರ್ ದೂರದ ಮಂಗಳೂರಿನವರೆಗೆ ಎಲ್ಲರೂ ಅವರ ಉಸಿರನ್ನೇ ಎಣಿಸುತ್ತಾರೆ. ಬಾಲ್ಯದಲ್ಲಿ ದೀರ್ಘ ಕಾಯಿಲೆ ಅನುಭವಿಸಿದವರು, ಆಸ್ಪತ್ರೆಯಲ್ಲಿ ಮಾತ್ರ ಅಕ್ಕರೆ ಕಂಡವರು ಈ ರೋಗಿಗಳಲ್ಲಿ ಸಾಕಷ್ಟು ಸಿಗುತ್ತಾರೆ. ಆದರೂ ಪೆನಿಸಿಲಿನ್ ಚುಚ್ಚಿಸಿಕೊಂಡ ಸಾವಿರಾರು ಮಕ್ಕಳು ಯಾವ ತೊಂದರೆಯೂ ಇಲ್ಲದೆ ಬೆಳೆದಿದ್ದಾರೆ, ಹಾಗಾಗಿ ಅದನ್ನೇ ಕಾರಣವೆಂದು ಹಿಡಿಯಬೇಡಿ. ನಾನು ಅದಕ್ಕಿಂತ ಮೊದಲು ಕೇಳುವುದು ಖಿನ್ನತೆಯ ಬಗ್ಗೆ. ಇನ್ಸುಲಿನ್ ಚುಚ್ಚಿಕೊಂಡದ್ದು ಕೆಲವೊಮ್ಮೆ ರೋಗಿಯಾಗುವ ಆಸೆಯಿಂದಲ್ಲ, ಸಾಯುವ ಉದ್ದೇಶದಿಂದಲೇ ಆಗಿರುತ್ತದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಲು ನಿಮಗೆ ಧೈರ್ಯ ಸಾಲದಿದ್ದರೆ 14416 ಸಂಖ್ಯೆಯ ಟೆಲಿ-ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಮಾತನಾಡಬಹುದು. ಹುಚ್ಚೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಅಲ್ಲ. ಅವರಿಗೆ ಲೋಕದ ಅರಿವು ತಪ್ಪಿಲ್ಲ.

ಎದುರು ಕೂರಿಸಿ ಕೇಳುವುದನ್ನು ನಾನು ಸಲಹೆ ಮಾಡುವುದಿಲ್ಲ. ಹಿಂದೆ ನಾವು ವೈದ್ಯರೇ ಹಾಗೆ ಮಾಡಿ ಕೈಸುಟ್ಟುಕೊಂಡಿದ್ದೇವೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಇಂತಹ ರೋಗಿಯ ಬ್ಯಾಗನ್ನು ಅವರಿಲ್ಲದ ವೇಳೆ ತೆರೆದು, ಸಿಕ್ಕಿದ ಸಿರಿಂಜುಗಳನ್ನು ಮಂಚದ ಮೇಲೆ ಹರಡಿ, ಮನೆಯವರೆದುರೇ ಪ್ರಶ್ನಿಸಿದರು. ರೋಗಿ ಒಪ್ಪಲಿಲ್ಲ, ಅತ್ತರು, ಆ ರಾತ್ರಿಯೇ ಸಹಿ ಹಾಕಿ ಹೊರಟರು. ಹದಿನೈದು ದಿನಗಳಲ್ಲಿ ಬೇರೆ ಊರಿನ ಆಸ್ಪತ್ರೆಯಲ್ಲಿ ಮೊದಲಿನಿಂದ ಎಲ್ಲ ಸ್ಕ್ಯಾನುಗಳೂ ಶುರುವಾದವು. ಗಡಿನಾಡಿನಲ್ಲಿ ಇದು ಇನ್ನೂ ಸುಲಭ. ತಲಪಾಡಿ ದಾಟಿದರೆ ಬೇರೆ ರಾಜ್ಯ, ಈಚೆಯ ಆಸ್ಪತ್ರೆಯ ಕಡತ ಆಚೆಯ ಆಸ್ಪತ್ರೆಗೆ ತಾನಾಗಿ ಹೋಗುವುದಿಲ್ಲ, ಹೊಸ ಡಾಕ್ಟರರಿಗೆ ಹಳೆಯದೊಂದೂ ಗೊತ್ತಿರುವುದಿಲ್ಲ.

ಇನ್ಸುಲಿನ್ನನ್ನು ಅವರ ಕೈಯಿಂದ ತೆಗೆದುಕೊಳ್ಳುವುದು ಆಗಲೇಬೇಕಾದ ಕೆಲಸ, ಆದರೆ ಹೇಗೆ ತೆಗೆದುಕೊಳ್ಳುತ್ತೀರಿ ಎಂಬುದು ಮುಖ್ಯ. ಫ್ರಿಜ್ಜಿಗೆ ಬೀಗ ಜಡಿದರೆ ಅದು ಆರೋಪವಾಗುತ್ತದೆ. "ನಿನಗೆ ಹುಷಾರಿಲ್ಲ, ಸ್ವಲ್ಪ ದಿನ ಅತ್ತೆಯ ಇಂಜೆಕ್ಷನ್ ನಾನು ನೋಡಿಕೊಳ್ಳುತ್ತೇನೆ, ನೀನೊಮ್ಮೆ ನನಗೆ ಹೇಳಿಕೊಡು" ಎಂದರೆ ಅವರ ಮರ್ಯಾದೆ ಉಳಿಯುತ್ತದೆ. ಇದರಲ್ಲೂ ಅಪಾಯಗಳಿವೆ. ಮನೆಯಲ್ಲಿ ಅವರಿಗಿದ್ದ ಜವಾಬ್ದಾರಿಯ ಒಂದೇ ಕೆಲಸ ಕೈತಪ್ಪುತ್ತದೆ, ಅದರ ಜಾಗಕ್ಕೆ ಬೇರೆ ಏನನ್ನಾದರೂ ಕೊಡಬೇಕು. ಬೇಕೆಂದರೆ ಇನ್ಸುಲಿನ್ ಹೊರಗಿನಿಂದಲೂ ಸಿಗುತ್ತದೆ. ನೀವು ಹೊಸಬರಾದುದರಿಂದ ಅತ್ತೆಯ ಪ್ರಮಾಣ ತಪ್ಪದಂತೆ ಎಚ್ಚರ ಬೇಕು.

ನಾನು ಒಪ್ಪುವ ದಾರಿ ನಿಧಾನದ್ದು. ಎಂಡೋಕ್ರಿನಾಲಜಿ, ಅಂದರೆ ಹಾರ್ಮೋನುಗಳ ಕಾಯಿಲೆಗಳ, ವಿಭಾಗವಿರುವ ಒಂದೇ ಆಸ್ಪತ್ರೆಯನ್ನು ಆರಿಸಿ, ಏಳೂ ಡಿಸ್ಚಾರ್ಜ್ ಸಮ್ಮರಿಗಳನ್ನು ಅಲ್ಲಿಗೆ ಒಯ್ದು, ಒಬ್ಬ ವೈದ್ಯರ ಕೈಯಲ್ಲಿ ಎಲ್ಲವನ್ನೂ ಇಡಿ. ಆಸ್ಪತ್ರೆಯಲ್ಲಿರಿಸಿ ನಿಗಾದಲ್ಲಿ 72 ಗಂಟೆಗಳವರೆಗೆ ಉಪವಾಸದ ಪರೀಕ್ಷೆ ಮಾಡುವ ಕ್ರಮವಿದೆ. ಇನ್ಸುಲಿನೋಮಾ ಇದ್ದರೆ ಹೆಚ್ಚಾಗಿ ಅದರಲ್ಲಿ ಸಿಕ್ಕಿಬೀಳುತ್ತದೆ. ಹೊರಗಿನ ಇನ್ಸುಲಿನ್ ಎಂದು ಖಚಿತವಾದರೆ ಆ ಮಾತನ್ನು ನಾದಿನಿಗೆ ಹೇಳಬೇಕಾದವರು ಅದೇ ವೈದ್ಯರು, ಜೊತೆಗೆ ಮನೋವೈದ್ಯರು, ಮುಚ್ಚಿದ ಕೋಣೆಯಲ್ಲಿ. ನಾನು ಹೇಳುವ ರೀತಿ ಸರಿಸುಮಾರು ಹೀಗಿರುತ್ತದೆ: "ನಿಮ್ಮ ರಕ್ತದಲ್ಲಿ ಹೊರಗಿನ ಇನ್ಸುಲಿನ್ ಕಂಡಿದೆ. ಇದರಿಂದ ನಿಮ್ಮ ಜೀವಕ್ಕೆ ಅಪಾಯವಿದೆ. ಇಲ್ಲಿಯವರೆಗೆ ಬರಬೇಕಾದರೆ ನೀವು ಎಷ್ಟೋ ಸಂಕಟ ನುಂಗಿರಬೇಕು. ನಾನು ನಿಮ್ಮನ್ನು ಬಿಟ್ಟುಬಿಡುವುದಿಲ್ಲ." ಅವರು ಇಲ್ಲವೆಂದರೆ ಇಲ್ಲವೆಂದೇ ಇರಲಿ. ತಪ್ಪೊಪ್ಪಿಗೆ ಬರೆಸಿಕೊಳ್ಳುವ ಹಠದಿಂದ ಯಾರೂ ಗುಣವಾದದ್ದನ್ನು ನಾನು ಕಂಡಿಲ್ಲ; ಒಂದು ಮಾತೂ ಒಪ್ಪಿಕೊಳ್ಳದೆ, ಮೆಲ್ಲನೆ ಸಕ್ಕರೆ ಇಳಿಯುವುದು ನಿಂತವರನ್ನು ಕಂಡಿದ್ದೇನೆ. ಅನಂತರ ಕಾಯಿಲೆ ಇದ್ದರೂ ಇಲ್ಲದಿದ್ದರೂ ತಿಂಗಳಿಗೊಮ್ಮೆ ಭೇಟಿ, ಏಕೆಂದರೆ ಬಿದ್ದಾಗ ಮಾತ್ರ ಡಾಕ್ಟರರು ಸಿಗುವುದಾದರೆ ಬೀಳಲೇಬೇಕಾಗುತ್ತದೆ. ಈ ರೋಗಕ್ಕೆಂದೇ ಮಾತ್ರೆಯಿಲ್ಲ. ಖಿನ್ನತೆ, ಆತಂಕ ಇದ್ದರೆ ಅವಕ್ಕೆ ಔಷಧವಿದೆ, ಅಂಥವರು ಚೇತರಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಉಳಿದವರಲ್ಲಿ ದಾರಿ ಕಠಿಣ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರೇ ಹೆಚ್ಚು. ಇದನ್ನು ಮುಚ್ಚಿಟ್ಟು ನಿಮಗೆ ಭರವಸೆ ಕೊಡುವುದು ಸರಿಯಲ್ಲ.

ಜೀವಕ್ಕೆ ತಕ್ಷಣದ ಅಪಾಯವಿದ್ದು ಅವರು ಚಿಕಿತ್ಸೆಗೆ ಒಪ್ಪದಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ಬಳಿಕ, 30 ದಿನಗಳ ಮಿತಿಯಲ್ಲಿ ದಾಖಲಿಸಿಕೊಳ್ಳಲು ಅವಕಾಶವಿದೆ. ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ, ಬಲವಂತದ ದಾಖಲಾತಿಯಿಂದ ಒಡೆದ ನಂಬಿಕೆ ಬೇಗ ಕೂಡುವುದಿಲ್ಲ.

ಸಿರಿಂಜಿನ ವಿಷಯವನ್ನು ನಿಮ್ಮ ಗಂಡನಿಗೆ ಹೇಳಿ, ಆದರೆ ಈ ಪತ್ರವನ್ನೂ ಉತ್ತರವನ್ನೂ ಅವರು ಓದಿದ ಮೇಲೆ ಹೇಳಿ. ಅವರು ತಂಗಿಯೊಡನೆ ಮಾತು ಆರಂಭಿಸಬೇಕು. ಕಾಯಿಲೆಯ ಮಾತಲ್ಲ, ತೋಟದ್ದೋ ಊಟದ್ದೋ ಯಾವುದೋ ಒಂದು, ಅದೂ ಅವರು ಚೆನ್ನಾಗಿರುವ ದಿನ. ಅತ್ತೆಗೆ ಈಗಲೇ ಏನೂ ಹೇಳಬೇಕಾಗಿಲ್ಲ.

ಇಷ್ಟರೊಳಗೆ ಇನ್ನೊಮ್ಮೆ ಸಕ್ಕರೆ ಇಳಿದರೆ ಅನುಮಾನವನ್ನೆಲ್ಲ ಬದಿಗಿಡಿ. ನುಂಗುವಷ್ಟು ಪ್ರಜ್ಞೆಯಿದ್ದರೆ ಮೂರ್ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರನ್ನು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಬಗೆಯ ಇನ್ಸುಲಿನ್ ಅರ್ಧ ದಿನಕ್ಕೂ ಮೀರಿ ಕೆಲಸ ಮಾಡುವುದರಿಂದ ಸಕ್ಕರೆ ಪುನಃ ಇಳಿಯುತ್ತದೆ. ತುರ್ತು ವಿಭಾಗದ ವೈದ್ಯರಿಗೆ, ಗ್ಲೂಕೋಸಿಗೆಂದು ಸೂಜಿ ಹಾಕುವಾಗಲೇ ಸಿ-ಪೆಪ್ಟೈಡ್ ಮತ್ತು ಇನ್ಸುಲಿನ್ ಪರೀಕ್ಷೆಗೆ ರಕ್ತ ತೆಗೆದಿಡಬಹುದೇ ಎಂದು ಕೇಳಿ. ಆದರೆ ಅದಕ್ಕಾಗಿ ಗ್ಲೂಕೋಸ್ ಒಂದು ನಿಮಿಷವೂ ತಡವಾಗಬಾರದು. ಹೊರಡುವಾಗ ಬಾಟ್ಲಿಯ ಲೆಕ್ಕದ ಆ ಪುಸ್ತಕ ನಿಮ್ಮ ಚೀಲದಲ್ಲಿರಲಿ.